ಸ್ಥಳೀಯರಿಗೆ ಕೆಲಸ: ಕಾಯ್ದೆಗಿಂತ ಮೊದಲು ಕಲಿಕೆ

2024ರ ಜುಲೈಯಲ್ಲಿ ಕರ್ನಾಟಕ ಸಚಿವ ಸಂಪುಟ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಉದ್ಯಮಿಗಳಿಂದ ವಿರೋಧ ಬಂದದ್ದೇ ತಡ, ಮಸೂದೆಯನ್ನು ತಡೆಹಿಡಿಯಲಾಯಿತು. ಪರ-ವಿರೋಧದ ಮಾತೆಲ್ಲ ಈ ಶೇಕಡಾವಾರು ಲೆಕ್ಕದ ಸುತ್ತಲೇ ಗಿರಕಿ ಹೊಡೆಯಿತು. ಆದರೆ ಅರ್ಹ ಸ್ಥಳೀಯರು ಸಿಗದಿದ್ದರೆ ಸರ್ಕಾರದ ಸಹಯೋಗದಲ್ಲಿ ಮೂರು ವರ್ಷದೊಳಗೆ ಅವರಿಗೆ ತರಬೇತಿ ಕೊಡಬೇಕು ಎಂಬ ಅಂಶವೂ ಮಸೂದೆಯಲ್ಲಿತ್ತು. ಇಡೀ ಮಸೂದೆಯ ತಿರುಳು ಅದೇ. ‘ನಮ್ಮವರಿಗೆ ಕೆಲಸ ಕೊಡಿ’ ಎನ್ನುವ ಸರ್ಕಾರ, ‘ಕೆಲಸ ಬಲ್ಲವರೇ ಸಿಗುತ್ತಿಲ್ಲ’ ಎನ್ನುವ ಉದ್ಯಮಿ, ಇಬ್ಬರೂ ಮೊದಲು ಕೂತು ಮಾತಾಡಬೇಕಾದ ಜಾಗ ಊರಿನ ಪ್ರೌಢಶಾಲೆ ಮತ್ತು ಐಟಿಐ.

ಉದ್ಯಮ ಮತ್ತು ಶಾಲೆ ಕೈಜೋಡಿಸುವುದು ನಮ್ಮಲ್ಲಿ ಆಗದ ಕೆಲಸವೇನಲ್ಲ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇಂದಿಗೂ ಟೂಲ್ ರೂಮ್ ಮತ್ತು ತರಗತಿಯನ್ನು ಒಂದೇ ಸೂರಿನಡಿ ನಡೆಸುತ್ತಿದೆ. ಬಿಡದಿಯ ಟೊಯೊಟಾ ಕಾರ್ಖಾನೆ 2007ರಲ್ಲಿ ತರಬೇತಿ ಶಾಲೆ ತೆರೆದು, ಎಸ್ಸೆಸ್ಸೆಲ್ಸಿ ಮುಗಿಸಿದ ಬಡ ಗ್ರಾಮೀಣ ಮಕ್ಕಳಿಗೆ ಅಲ್ಲೇ ವಸತಿ ಕೊಟ್ಟು ಮೂರು ವರ್ಷ ಕಲಿಸುವ ಪರಿಪಾಠ ಹಾಕಿತು. 2022ರಲ್ಲಿ ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳು ಮೇಲ್ದರ್ಜೆಗೇರಿ, ಹೊಸ ಯಂತ್ರಗಳನ್ನು ಕಂಡವು.

ಆದರೆ ಯಂತ್ರ ಬಂದ ಮಾತ್ರಕ್ಕೆ ಕಸುಬು ಬರುವುದಿಲ್ಲ. ಐಟಿಐನಲ್ಲಿ ಟರ್ನರ್ ಕಲಿಯುವ ಹುಡುಗ ಲೇತ್ ಮೇಲೆ ಶಾಫ್ಟ್ ತಿರುಗಿಸುವಾಗ ಕೂದಲೆಳೆಯಷ್ಟು ಹೆಚ್ಚು ಕೊರೆದರೆ ಒಂದೆರಡು ಅಂಕ ಹೋಗುತ್ತದೆ. ಕಾರ್ಖಾನೆಯಲ್ಲಿ ಅದೇ ತಪ್ಪಾದರೆ ಬೇರಿಂಗ್ ಬಿಗಿಯಾಗಿ ಕೂರುವುದಿಲ್ಲ, ಮಾಲು ರಿಜೆಕ್ಟ್ ಆಗುತ್ತದೆ. ಮೈಕ್ರೋಮೀಟರನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು, ಟೂಲ್ ಸವೆದದ್ದು ಸದ್ದಿನಲ್ಲೇ ಹೇಗೆ ತಿಳಿಯುತ್ತದೆ ಎಂಬುದನ್ನು ಹೇಳಿಕೊಡಬಲ್ಲವರು ದಶಕಗಳ ಕಾಲ ಆ ಯಂತ್ರದ ಮುಂದೆ ನಿಂತ ಕಾರ್ಮಿಕರು. ಕಂಪನಿಗಳು ಶಾಲೆಗೆ ಬೆಂಚು, ಕಂಪ್ಯೂಟರ್ ಕೊಟ್ಟು ಫಲಕ ಹಾಕಿಸಿಕೊಳ್ಳುವುದು ದಾನ. ಆ ಹಿರಿಯ ಕಾರ್ಮಿಕರನ್ನು ವಾರಕ್ಕೊಂದು ದಿನ ಸಂಬಳಸಹಿತ ಶಾಲೆಗೆ ಕಳುಹಿಸುವುದು, ಮಕ್ಕಳಿಗೆ ತಮ್ಮ ಯಂತ್ರದ ಮುಂದೆ ಜಾಗ ಕೊಡುವುದು ಪಾಲುದಾರಿಕೆ.

ಶಾಲೆಯ ಬಾಗಿಲನ್ನು ಕಂಪನಿಗೆ ತೆರೆದರೆ ಮಕ್ಕಳು ಅಗ್ಗದ ಕೂಲಿಗಳಾಗುವುದಿಲ್ಲವೇ ಎಂಬ ಆತಂಕ ನ್ಯಾಯವಾದದ್ದೇ. ಕಲಿಸುವ ನೆಪದಲ್ಲಿ ಕಸ ಗುಡಿಸಲು, ಪೆಟ್ಟಿಗೆ ಹೊರಲು ಹಚ್ಚುವವರೂ ಇದ್ದಾರೆ. ಇದಕ್ಕೆ ಜರ್ಮನಿ ಒಂದು ದಾರಿ ಕಂಡುಕೊಂಡಿದೆ. ಅಲ್ಲಿನ ಅಪ್ರೆಂಟಿಸ್ ವಾರದಲ್ಲಿ ಮೂರು-ನಾಲ್ಕು ದಿನ ಕಂಪನಿಯಲ್ಲಿ, ಉಳಿದ ದಿನ ವೃತ್ತಿಶಾಲೆಯಲ್ಲಿ ಕಲಿಯುತ್ತಾನೆ. ಕೊನೆಯ ಪರೀಕ್ಷೆ ನಡೆಸುವುದು ಅವನ ಕಂಪನಿಯಲ್ಲ, ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿ. ಪರೀಕ್ಷಕರ ಸಮಿತಿಯಲ್ಲಿ ಮಾಲೀಕರು, ಕಾರ್ಮಿಕರು, ಶಿಕ್ಷಕರು ಮೂವರ ಪ್ರತಿನಿಧಿಗಳೂ ಇರುತ್ತಾರೆ. ಹಾಗಾಗಿ ಆ ಪ್ರಮಾಣಪತ್ರಕ್ಕೆ ದೇಶದ ಎಲ್ಲ ಕಂಪನಿಗಳಲ್ಲೂ ಬೆಲೆಯಿದೆ. ಒಂದೇ ಕಾರ್ಖಾನೆಗೆ ಹೊಂದುವ ಕೆಲಸ ಕಲಿತವನು ಆ ಕಾರ್ಖಾನೆ ಮುಚ್ಚಿದ ದಿನ ಬೀದಿಗೆ ಬೀಳುತ್ತಾನೆ. ಗಣಿತ, ಭಾಷೆ, ವಿಜ್ಞಾನದ ಜೊತೆಗೆ ಕಸುಬನ್ನೂ ಕಲಿತವನಿಗೆ ಇನ್ನೊಂದು ಕೆಲಸ ಹುಡುಕಿಕೊಳ್ಳುವ ಶಕ್ತಿ ಇರುತ್ತದೆ.

ಟೊಯೊಟಾದಂಥ ಕಂಪನಿ ತಾನೊಂದೇ ಶಾಲೆ ಕಟ್ಟಬಲ್ಲದು. ಪೀಣ್ಯದ ಸಣ್ಣ ವರ್ಕ್‌ಶಾಪಿಗೂ ಬೆಳಗಾವಿ ಉದ್ಯಮಬಾಗದ ಫೌಂಡ್ರಿಗೂ ಅದು ಆಗದ ಮಾತು. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವಲ್ಲಿ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು ಕಾನೂನು ಹೇಳುತ್ತದೆ. ಅದಕ್ಕಿಂತ ಚಿಕ್ಕ ಘಟಕಗಳ ಹೊಣೆಯನ್ನು ಅಲ್ಲಲ್ಲಿನ ಕೈಗಾರಿಕಾ ಸಂಘಗಳು ಹೊರಬೇಕು. ಹತ್ತು ಘಟಕ ಸೇರಿ ಹತ್ತಿರದ ಒಂದು ಐಟಿಐ, ಎರಡು ಪ್ರೌಢಶಾಲೆಗಳ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಲಿ. ಏನು ಕಲಿಸುತ್ತೇವೆ, ಎಷ್ಟು ಗಂಟೆ, ಎಷ್ಟು ಸ್ಟೈಪೆಂಡ್, ಪರೀಕ್ಷೆ ಯಾರದು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಕೂರುವ ತಂದೆ-ತಾಯಂದಿರು ಆ ಒಪ್ಪಂದವನ್ನು ಓದಿ, ಪ್ರಶ್ನೆ ಕೇಳಿ, ಆಮೇಲೆ ಒಪ್ಪಲಿ. ಮೀಸಲಾತಿ ಮಸೂದೆ ಮತ್ತೆ ಬರಲಿ, ಬಾರದಿರಲಿ, ಈ ಕೆಲಸಕ್ಕೆ ಯಾವ ಹೊಸ ಕಾಯ್ದೆಯೂ ಬೇಕಿಲ್ಲ. ಬರುವ ಜೂನ್‌ನಲ್ಲೇ ಶುರುಮಾಡಬಹುದು.