ಬೇಲಿಯೇ ಎದ್ದು ಹೊಲ ಮೇಯ್ದರೆ ಪಕ್ಕದ ಹೊಲದವನೇನು ಮಾಡಬೇಕು?

ಪ್ರಶ್ನೆ: ಒಂದು ಸರ್ಕಾರ ತನ್ನದೇ ಪ್ರಜೆಗಳ ನರಮೇಧಕ್ಕೆ ಇಳಿದಾಗ, ವಿಶ್ವಸಂಸ್ಥೆಯ ಅಪ್ಪಣೆ ಇಲ್ಲದೆಯೂ ಇನ್ನೊಂದು ದೇಶ ಅಲ್ಲಿಗೆ ಸೇನೆ ನುಗ್ಗಿಸಬಹುದೇ?

ಪರ: ಅಪ್ಪಣೆಗೆ ಕಾದವರು ಹೆಣ ಎಣಿಸಿದ್ದಾರೆ

ಆ್ಯಂಥನಿ ಮಸ್ಕರೇನ್ಹಸ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಓದಿದ್ದು, ಪತ್ರಕರ್ತರಾಗಿ ದುಡಿದದ್ದು ಕರಾಚಿಯಲ್ಲಿ. 1971ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಸೇನೆ, ಎಲ್ಲ ಶಾಂತವಾಗಿದೆ ಎಂದು ಬರೆಸುವುದಕ್ಕಾಗಿ ಎಂಟು ಮಂದಿ ಪತ್ರಕರ್ತರನ್ನು ಪೂರ್ವ ಪಾಕಿಸ್ತಾನಕ್ಕೆ, ಅಂದರೆ ಇಂದಿನ ಬಾಂಗ್ಲಾದೇಶಕ್ಕೆ, ಕರೆದೊಯ್ದಿತು. ಏಳು ಮಂದಿ ಹೇಳಿದಂತೆ ಬರೆದರು. ಮಸ್ಕರೇನ್ಹಸ್ ಹೆಂಡತಿ ಮಕ್ಕಳನ್ನು ಮೊದಲು ದೇಶದಾಚೆ ದಾಟಿಸಿ, ಆಮೇಲೆ ತಾವೂ ಅಫ್ಘಾನಿಸ್ತಾನದ ಗಡಿಯತ್ತ ತಪ್ಪಿಸಿಕೊಂಡು ಹೋಗಿ, ಕಂಡದ್ದನ್ನೆಲ್ಲ ಲಂಡನ್ನಿನ ‘ಸಂಡೇ ಟೈಮ್ಸ್’ಗೆ ಕೊಟ್ಟರು. ಜೂನ್ 13ರಂದು ಅದು ಅಚ್ಚಾಯಿತು. ತಲೆಬರಹ ಒಂದೇ ಪದ: ನರಮೇಧ.

ಅದಕ್ಕೂ ಎರಡು ತಿಂಗಳು ಮೊದಲೇ, ಏಪ್ರಿಲ್ 6ರಂದು, ಢಾಕಾದಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಅವರ ಕಚೇರಿಯಿಂದ ವಾಷಿಂಗ್ಟನ್‌ಗೆ ಒಂದು ತಂತಿ ಹೋಗಿತ್ತು. ಈ ಕೊಲೆಗಳ ಬಗ್ಗೆ ನಮ್ಮ ಸರ್ಕಾರ ಬಾಯಿ ಮುಚ್ಚಿ ಕೂತಿರುವುದನ್ನು ನಾವು ಒಪ್ಪುವುದಿಲ್ಲ ಎಂದು 20 ಅಧಿಕಾರಿಗಳು ಅದಕ್ಕೆ ಸಹಿ ಹಾಕಿದ್ದರು. ಪಾಕಿಸ್ತಾನದ ಸೇನಾಡಳಿತಗಾರ ಯಾಹ್ಯಾ ಖಾನ್ ಕೈಯಿಂದ ಚೀನಾದ ಬಾಗಿಲು ತಟ್ಟಿಸುತ್ತಿದ್ದ ಅಧ್ಯಕ್ಷ ನಿಕ್ಸನ್‌ಗೆ ಇದೊಂದು ಕಿರಿಕಿರಿ. ಬ್ಲಡ್ ಅವರಿಗೆ ಎತ್ತಂಗಡಿಯಾಯಿತು. ಹಾಗಾಗಿ, ಆಗ ಲೋಕಕ್ಕೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಅದು ಪಾಕಿಸ್ತಾನದ ಆಂತರಿಕ ವಿಷಯ ಎಂದರು. ಆಂತರಿಕ ವಿಷಯವೊಂದು ಸುಮಾರು ಒಂದು ಕೋಟಿ ಜನರ ರೂಪ ತಾಳಿ, ಕಾಲರಾ ಹೊತ್ತುಕೊಂಡು, ಪಶ್ಚಿಮ ಬಂಗಾಳಕ್ಕೂ ತ್ರಿಪುರಾಕ್ಕೂ ನಡೆದು ಬಂದಿತು! ಸಾರ್ವಭೌಮತ್ವ ಎನ್ನುವುದು ಪ್ರಜೆಗಳನ್ನು ಕಾಯಲೆಂದು ಹಾಕಿದ ಬೇಲಿ. ಬೇಲಿಯೇ ಮೇಯಲು ಎದ್ದಾಗಲೂ ಅದನ್ನು ಮುಟ್ಟಬಾರದು ಎನ್ನುವವರು ಬೆಳೆಯನ್ನು ಮರೆತಿದ್ದಾರೆ.

ಕೊನೆಗೆ ಅಲ್ಲಿಗೆ ಸೇನೆ ನುಗ್ಗಿಸಿದ ಭಾರತಕ್ಕೆ ಸ್ವಾರ್ಥ ಇರಲಿಲ್ಲವೇ ಎಂದು ಕೇಳುತ್ತಾರೆ. ಇತ್ತು, ಧಾರಾಳವಾಗಿ ಇತ್ತು. ನಿಷ್ಕಾಮ ಕರ್ಮ ಮಾಡುವ ಸೇನೆಯನ್ನು ನಾನಂತೂ ಕಂಡಿಲ್ಲ. ನಾನು ನೋಡುವುದು ಆಮೇಲೆ ಏನಾಯಿತು ಎನ್ನುವುದನ್ನು. ಡಿಸೆಂಬರ್ 16ಕ್ಕೆ ಪಾಕಿಸ್ತಾನದ ಸೇನೆ ಶರಣಾಯಿತು. 1972ರ ಮಾರ್ಚ್‌ನಲ್ಲಿ ನಮ್ಮ ಸೈನಿಕರು ಢಾಕಾದಿಂದ ಬೀಳ್ಕೊಂಡರು. ನಿರಾಶ್ರಿತರಲ್ಲಿ ಬಹುಪಾಲು ಜನ ಊರಿಗೆ ಮರಳಿದರು. ಆಕ್ರಮಿಸಲು ಹೋದವರು ಮೂರು ತಿಂಗಳಿಗೆ ಗಂಟುಮೂಟೆ ಕಟ್ಟುವುದಿಲ್ಲ.

ಇನ್ನು ಅಪ್ಪಣೆಗೆ ಕಾದ ಕಥೆ ಕೇಳಿ. 1994ರ ಏಪ್ರಿಲ್‌ನಲ್ಲಿ ರುವಾಂಡದಲ್ಲಿ ಟುಟ್ಸಿಗಳ ಹತ್ಯೆ ಶುರುವಾದಾಗ ಅಲ್ಲಿ ವಿಶ್ವಸಂಸ್ಥೆಯ ಪಡೆ ಇತ್ತು. ಅದರ ದಂಡನಾಯಕ, ಕೆನಡಾದ ರೋಮಿಯೊ ಡಲೇರ್, ಹೆಚ್ಚು ಸೈನಿಕರನ್ನು ಕೇಳಿದರು. ಭದ್ರತಾ ಮಂಡಳಿ ಏಪ್ರಿಲ್ 21ರಂದು ಸುಮಾರು 2,500 ಇದ್ದ ಪಡೆಯನ್ನು 270ಕ್ಕೆ ಇಳಿಸಲು ನಿರ್ಣಯಿಸಿತು. ಆ ವರ್ಷ ಮಂಡಳಿಯ 15 ಸದಸ್ಯರಲ್ಲಿ ರುವಾಂಡವೂ ಒಂದು. ಅಂದರೆ ಕೊಲ್ಲಿಸುತ್ತಿದ್ದ ಸರ್ಕಾರದ ಪ್ರತಿನಿಧಿಯೇ ಆ ಮೇಜಿನ ಸುತ್ತ ಕೂತಿದ್ದ. ನೂರು ದಿನಗಳಲ್ಲಿ ಸತ್ತವರು ಸುಮಾರು ಎಂಟು ಲಕ್ಷ. ಅಪ್ಪಣೆ ಕೇಳಬೇಕಾದದ್ದು ಇಂಥ ಮೇಜಿನ ಮುಂದೆ.

ವಿರೋಧ: ಒಂದು ಸಲ ಸರಿಹೋದದ್ದು ಕಾನೂನಾಗದು

ಮಸ್ಕರೇನ್ಹಸ್ ವರದಿ ಬಂದದ್ದು ಜೂನ್‌ನಲ್ಲಿ. ಪೂರ್ಣ ಯುದ್ಧ ನಡೆದದ್ದು ಡಿಸೆಂಬರ್‌ನಲ್ಲಿ. ನಡುವೆ ಏನು ನಡೆಯಿತು? ಬಂಗಾಳಿ ಗೆರಿಲ್ಲಾ ಪಡೆಯಾದ ಮುಕ್ತಿಬಾಹಿನಿಗೆ ತರಬೇತಿ ಆಯಿತು, ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಆಯಿತು, ಮಳೆಗಾಲ ಮುಗಿದು ಬಂಗಾಳದ ಕೆಸರು ಆರಿತು, ಹಿಮಾಲಯದ ಕಣಿವೆಗಳಲ್ಲಿ ಹಿಮ ಬಿದ್ದು ಚೀನಾದ ದಾರಿ ಮುಚ್ಚಿತು. ಯುದ್ಧವನ್ನು ಹೀಗೆಯೇ ಮಾಡಬೇಕು. ನಮ್ಮ ಸೇನಾ ಮುಖ್ಯಸ್ಥ ಮಾಣೆಕ್ ಷಾ ಅವರ ಲೆಕ್ಕಾಚಾರದಲ್ಲಿ ತಪ್ಪು ಹುಡುಕಲಾರೆ. ಆದರೆ ಅದು ಯುದ್ಧದ ಪಂಚಾಂಗ. ಪ್ರಾಣ ಉಳಿಸಲು ಓಡುವವನು ಕೆಸರು ಆರಲಿ ಎಂದು ಕಾಯುತ್ತಾನೆಯೇ? ಕೊಲೆಗಳೇನೂ ಮಳೆಗಾಲಕ್ಕೆ ನಿಂತಿರಲಿಲ್ಲ.

ಇನ್ನೊಂದು ವಿಷಯ. ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬ್ ಹಾಕಿದ್ದರಿಂದ ಭಾರತದ ಕೈಯಲ್ಲಿ ಆತ್ಮರಕ್ಷಣೆಯ ವಾದ ಇತ್ತು. ಆದರೂ ಡಿಸೆಂಬರ್ 7ರಂದು ಕದನವಿರಾಮ ಮತ್ತು ಸೇನೆಗಳ ವಾಪಸಾತಿಯ ಪರವಾಗಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 104 ದೇಶಗಳು ಕೈಯೆತ್ತಿದವು, ವಿರುದ್ಧ 11. ಆ 104ರಲ್ಲಿ ಆಗಷ್ಟೇ ಸ್ವತಂತ್ರವಾದ ಏಷ್ಯಾ, ಆಫ್ರಿಕಾದ ದೇಶಗಳು ಬಹಳ. ಅವರೆಲ್ಲ ಕಟುಕರಲ್ಲ. ‘ನಿಮ್ಮ ಒಳ್ಳೆಯದಕ್ಕೇ ಬಂದೆವು’ ಎಂದು ಬಂದವರ ಕೆಳಗೆ ಅವರು ನೂರಾರು ವರ್ಷ ಬಾಳಿದ್ದರು.

1971 ತಪ್ಪು ಎಂದು ನಾನು ಹೇಳುತ್ತಿಲ್ಲ. ಅದನ್ನು ಹಕ್ಕು ಎಂದು ಬರೆದಿಡಬೇಡಿ ಎನ್ನುತ್ತಿದ್ದೇನೆ. ಏಕೆಂದರೆ ಆ ಹಕ್ಕು ಚಲಾಯಿಸಲು ಸೇನೆ ಬೇಕು. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಗಡಿ ದಾಟಿ ಬಂದಾಗ ಬಾಂಗ್ಲಾದೇಶ ಮ್ಯಾನ್ಮಾರ್‌ಗೆ ಸೇನೆ ನುಗ್ಗಿಸಲಿಲ್ಲ, ನುಗ್ಗಿಸುವ ಶಕ್ತಿಯೂ ಇರಲಿಲ್ಲ. ಬಲವಿದ್ದವನಿಗೆ ಮಾತ್ರ ದಕ್ಕುವುದನ್ನು ನ್ಯಾಯ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

ಬಲವಿದ್ದವರು ಅದನ್ನು ಹೇಗೆ ಬಳಸಿದರು ನೋಡಿ. 1999ರಲ್ಲಿ ನೇಟೊ ಕೊಸೊವೊದ ಜನರನ್ನು ಕಾಯುವ ಹೆಸರಿನಲ್ಲಿ ಯುಗೊಸ್ಲಾವಿಯಾದ ಮೇಲೆ 78 ದಿನ ಬಾಂಬ್ ಸುರಿಸಿತು. ಅದನ್ನು ಖಂಡಿಸುವ ರಷ್ಯಾದ ಕರಡು ನಿರ್ಣಯಕ್ಕೆ ಜೊತೆಗೂಡಿದವರು ಯಾರು? 1971ರ ಅದೇ ಭಾರತ! ಭದ್ರತಾ ಮಂಡಳಿಯಲ್ಲಿ ನಿರ್ಣಯ 12-3ರಲ್ಲಿ ಬಿತ್ತು. 2011ರಲ್ಲಿ ಲಿಬಿಯಾಕ್ಕೆ ಹೋಗುವಾಗ ಮಂಡಳಿಯ ಅಪ್ಪಣೆಯೇ ಇತ್ತು, ಬೆಂಗಾಜಿಯ ಜನರನ್ನು ಕಾಯಲು. ಅದು ಮುಗಿದದ್ದು ಅಲ್ಲಿನ ಸರ್ವಾಧಿಕಾರಿ ಗಡಾಫಿಯ ಹೆಣದಲ್ಲಿ. ಅವನ ಶಸ್ತ್ರಾಗಾರಗಳ ಬಂದೂಕುಗಳು ಸಹಾರಾ ದಾಟಿ ಮಾಲಿಯನ್ನು ಸುಟ್ಟವು. ಆ ಅಪ್ಪಣೆಯ ಮತದಾನದಿಂದ ದೂರ ನಿಂತ ಐದು ದೇಶಗಳಲ್ಲೂ ಭಾರತ ಒಂದು. 2022ರ ಫೆಬ್ರುವರಿಯಲ್ಲಿ ಪುಟಿನ್ ಉಕ್ರೇನಿಗೆ ಸೇನೆ ಕಳಿಸುವಾಗ ಎತ್ತಿಕೊಂಡ ಪದ ಯಾವುದು ಗೊತ್ತೇ? ಮಸ್ಕರೇನ್ಹಸ್ ವರದಿಯ ತಲೆಬರಹವಾಗಿದ್ದ ಅದೇ ಪದ, ಪೂರ್ವ ಉಕ್ರೇನಿನ ಡಾನ್‌ಬಾಸ್‌ನ ನರಮೇಧ. ಅದಕ್ಕೆ ಯಾವ ಪುರಾವೆಯೂ ತನ್ನ ಮುಂದೆ ಬಂದಿಲ್ಲ ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಮುಂದಿನ ತಿಂಗಳೇ ಹೇಳಿತು. ಟ್ಯಾಂಕುಗಳು ಆಗಲೇ ಒಳಗಿದ್ದವು. ಉರಿಯುವ ಮನೆಗೆ ನೀರು ತರುತ್ತೇನೆಂದು ಬಂದವನು ಗಳ ಹಿರಿಯುತ್ತಿದ್ದಾನೆಯೇ ಎನ್ನುವುದು ಎಷ್ಟೋ ಸಲ ಬೆಂಕಿ ಆರಿದ ಮೇಲೆಯೇ ತಿಳಿಯುವುದು.

ಪರ ವಾದಿಸಿದವರು ‘ಆಮೇಲೆ ಏನಾಯಿತು’ ನೋಡಿ ಎಂದರು. ಸೈನಿಕರು ಮರಳಿದ್ದನ್ನು ಎಣಿಸಿದರು. ಢಾಕಾದ ಮೊಹಮ್ಮದ್‌ಪುರದ ‘ಜಿನೀವಾ ಕ್ಯಾಂಪ್’ ಅವರ ಲೆಕ್ಕದಲ್ಲಿ ಬರಲಿಲ್ಲ: ವಿಮೋಚನೆಯ ನಂತರ ಸೇಡಿಗೆ ಸಿಕ್ಕ ಉರ್ದು ಮಾತಾಡುವ ಬಿಹಾರಿಗಳು ಸೇರಿಕೊಂಡ ಇಕ್ಕಟ್ಟಿನ ಓಣಿಗಳು ಅವು, ಅವರ ಮೊಮ್ಮಕ್ಕಳೂ ಅಲ್ಲೇ ಬೆಳೆದರು. ಕೊಲೆ ಮಾಡಿಸಿದವರಿಗಾದರೂ ಶಿಕ್ಷೆಯಾಯಿತೇ? ಸೈನಿಕರೂ ನಾಗರಿಕರೂ ಸೇರಿ ಸುಮಾರು 93,000 ಪಾಕಿಸ್ತಾನಿ ಕೈದಿಗಳು ನಮ್ಮ ವಶದಲ್ಲಿದ್ದರು. ಅವರಲ್ಲಿ 195 ಮಂದಿಯನ್ನು ಯುದ್ಧಾಪರಾಧಕ್ಕಾಗಿ ವಿಚಾರಣೆಗೆ ಒಳಪಡಿಸಬೇಕೆಂದು ಬಾಂಗ್ಲಾದೇಶ ಹಟ ಹಿಡಿದು, 1973ರಲ್ಲಿ ಕಾನೂನನ್ನೂ ಮಾಡಿತು. ಅತ್ತ ಪಾಕಿಸ್ತಾನದಲ್ಲಿ ಸಿಕ್ಕಿಹಾಕಿಕೊಂಡ ಬಂಗಾಳಿಗಳಿದ್ದರು, ಇತ್ತ ಹೊಸ ದೇಶಕ್ಕೆ ಮಾನ್ಯತೆ ಬೇಕಿತ್ತು, ನಮಗೆ ಪಾಕಿಸ್ತಾನದ ಜೊತೆಗಿನ ಶಿಮ್ಲಾ ಒಪ್ಪಂದ ಮುಂದುವರಿಯಬೇಕಿತ್ತು. ಚೌಕಾಶಿ ನಡೆಯಿತು. 1974ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಮೂರೂ ದೇಶಗಳು ಸಹಿ ಹಾಕಿದವು. 195 ಮಂದಿಯೂ ಮನೆಗೆ ಹೋದರು. ಆ ಕಾನೂನಿನಡಿ ಢಾಕಾದಲ್ಲಿ ನ್ಯಾಯಮಂಡಳಿ ಕೂತದ್ದು 2010ರಲ್ಲಿ. ಕಟಕಟೆಯಲ್ಲಿ ನಿಂತವರು ಸೇನೆಗೆ ನೆರವಾದರೆಂಬ ಆರೋಪ ಹೊತ್ತ ಸ್ಥಳೀಯರು, ಹೆಚ್ಚಿನವರು ಮುದುಕರು. ಆ 195ರಲ್ಲಿ ಒಬ್ಬನೂ ಅಲ್ಲಿರಲಿಲ್ಲ.