ಶಾಲಾ ಬ್ಯಾಂಡಿಗೆ ನಮ್ಮ ಹಾಡು

ಆಗಸ್ಟ್ 15 ಸಮೀಪಿಸಿತೆಂದರೆ ಶಾಲಾ ಮೈದಾನಗಳಲ್ಲಿ ಬ್ಯಾಂಡಿನ ಅಭ್ಯಾಸ ಆರಂಭವಾಗುತ್ತದೆ. ಕೇರಳದ ಶಾಲಾ ಕಲೋತ್ಸವದಲ್ಲಂತೂ ಬ್ಯಾಂಡ್ ಮೇಳಕ್ಕೆ ಸ್ಪರ್ಧೆಯೇ ಇದೆ. ಆದರೆ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಕೈಗೆ ಟ್ರಂಪೆಟ್, ಕ್ಲಾರಿನೆಟ್ ಬಂದಾಗ ಅವರು ಊದುವುದೇನನ್ನು? ನಾವು ಕೇಳಿದ ಮಟ್ಟಿಗೆ, ಪಟಾಲಮ್ಮಿನ ಹಳೆಯ ಧಾಟಿ, ಇಲ್ಲವೇ ಸಿನಿಮಾ ಹಾಡು. ಕಯ್ಯಾರ ಕಿಞ್ಞಣ್ಣ ರೈಗಳ ಈ ನೆಲದಲ್ಲಿ ಕನ್ನಡದ ನಾಡಹಾಡು ಸಭೆಯ ಪ್ರಾರ್ಥನೆಯಲ್ಲಿಯೇ ನಿಂತಿದೆ, ಮೈದಾನಕ್ಕೆ ಇಳಿದಿಲ್ಲ.

ಅಭಿಮಾನದ ಕೊರತೆಯೇ ಇದಕ್ಕೆ ಕಾರಣವೆಂದು ನಾವು ಹೇಳಲಾರೆವು. ಹಾಡುವ ಧಾಟಿಯನ್ನು ಇದ್ದಂತೆಯೇ ಊದಲು ಬರುವುದಿಲ್ಲ. ಕುವೆಂಪು ಅವರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷದ ಅವಧಿ ಎಂದು ಕರ್ನಾಟಕ ಸರಕಾರ 2022ರಲ್ಲಿ ನಿಶ್ಚಯಿಸಿತು. ಅದು ಹಾಡುವವರಿಗಾಯಿತು. ಕಲಿಯುತ್ತಿರುವ ಹುಡುಗನ ಉಸಿರು ದೀರ್ಘ ಸಾಲಿಗೆ ಸಾಲದು. ಒಂದು ಸ್ಥಾಯಿ ದಾಟಿದರೆ ತುಟಿ ಸೋಲುತ್ತದೆ. ಗಮಕ ಅವನ ಅಳವಿನದಲ್ಲ. ನಿಮಿಷಕ್ಕೆ 120ರಂತೆ ಹೆಜ್ಜೆ ಹಾಕುವಾಗ ಮೂರೆಣಿಕೆಯ ಹಾಡಾದರೆ ಪೆಟ್ಟು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ಬಿದ್ದು ಸಾಲೇ ಕೆಡುತ್ತದೆ. ಶ್ರುತಿಯದು ಇನ್ನೊಂದು ತೊಡಕು. ಹಾಡುಗಾರರು ಹಿಡಿಯುವ ಹಾರ್ಮೋನಿಯಂನ ಕಪ್ಪು ಒಂದು ಈ ವಾದ್ಯಗಳಿಗೆ ಬಲು ಕಷ್ಟ. ಷಡ್ಜವನ್ನು ಕಪ್ಪು ಐದಕ್ಕೆ ಇಳಿಸಿದರೆ ಟ್ರಂಪೆಟ್, ಕ್ಲಾರಿನೆಟ್ ಎರಡಕ್ಕೂ ಮೊದಲ ಪಾಠದ ಸ್ವರಗಳೇ ಸಾಕಾಗುತ್ತವೆ. ಇಷ್ಟನ್ನು ಬಲ್ಲವರು ಕುಳಿತು ಬರೆಯಬೇಕು. ಆಜಾದ್ ಹಿಂದ್ ಫೌಜಿನ ನಡಿಗೆಯ ಹಾಡಿಗೆ ಧಾಟಿ ಕೂಡಿಸಿದ ರಾಮಸಿಂಗ್ ಠಾಕೂರಿ ಮೂಲತಃ ಗೂರ್ಖಾ ಪಡೆಯ ಬ್ಯಾಂಡಿನವರು ಎಂಬುದು ಇಲ್ಲಿ ನೆನಪಿಡತಕ್ಕದ್ದು.

ವಾದ್ಯಕ್ಕೆ ಮಾತಿಲ್ಲ. ಮಲಯಾಳ ವಿಭಾಗದ ಮಗುವೂ ಅದೇ ಸಾಲಿನಲ್ಲಿ ನಿಂತು ನಮ್ಮ ಹಾಡನ್ನು ಊದಬಲ್ಲುದು. ಯಾರ ಆಕ್ಷೇಪಕ್ಕೂ ಎಡೆಯಿಲ್ಲ. ಆದರೆ ಅದು ಕನ್ನಡದ ಹಾಡೆಂದು ಗುರುತು ಹತ್ತಬೇಕಾದರೆ ರಸ್ತೆಬದಿಯಲ್ಲಿ ನಿಂತ ನಮ್ಮ ಮಕ್ಕಳ ತುಟಿಗೆ ಪದಗಳು ತಾವಾಗಿ ಬರಬೇಕು. ಆ ಕೆಲಸ ಬ್ಯಾಂಡ್ ಮಾಸ್ತರರದಲ್ಲ, ಮನೆಯದು.

ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ, ಕೋವಾಡ ಕಡೆಯಲ್ಲಿ ಮರಾಠಿಯ ನಡುವೆ ಕನ್ನಡ ಉಳಿಸಿಕೊಂಡ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಅವರ ನೆರೆಯ ಬೆಳಗಾವಿಯಲ್ಲಿಯೇ ಅಲ್ಲವೇ, 1924ರ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರೆದುರು ಹುಯಿಲಗೋಳ ನಾರಾಯಣರಾಯರ ಹಾಡು ಮೊಳಗಿದ್ದು! ಇಲ್ಲಿ ಬರೆದ ಸ್ವರಪತ್ರ ಅಂಚೆಯಲ್ಲಿ ಅಲ್ಲಿಗೂ ಹೋಗಬಹುದು.

ನಮ್ಮ ಸಂಗೀತ ಅಧ್ಯಾಪಕರೂ ಬ್ಯಾಂಡ್ ಮಾಸ್ತರರೂ ಒಂದು ರಜಾದಿನ ಜೊತೆಗೆ ಕುಳಿತು, ಸದ್ಯಕ್ಕೆ ಒಂದೇ ಒಂದು ಹಾಡನ್ನು ಆರಿಸಿ, ಪ್ರತಿ ವಾದ್ಯಕ್ಕೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಡಲಿ. ನಕಲು ತೆಗೆಸಿ ಹಂಚುವ ಖರ್ಚನ್ನು ರಕ್ಷಕ-ಶಿಕ್ಷಕ ಸಂಘಗಳು ವಹಿಸಿಕೊಳ್ಳಲಿ.