ಸೇನಾ ದಂತವೈದ್ಯರ ವೇತನ

ದಂತವೈದ್ಯ ಪದವಿ ಪಡೆದ ಮಕ್ಕಳನ್ನು ಸೈನ್ಯಕ್ಕೆ ಕಳುಹಿಸಬಹುದೇ ಎಂದು ತಂದೆತಾಯಿಗಳು ಕೇಳುವುದುಂಟು. 1941ರಲ್ಲಿ ಸ್ಥಾಪಿತವಾದ ಸೇನಾ ದಂತವೈದ್ಯ ದಳವು ಇಂತಹ ಪದವೀಧರರನ್ನು ಅಲ್ಪಾವಧಿ ಸೇವೆಗೆ ಕ್ಯಾಪ್ಟನ್ ಹುದ್ದೆಯಲ್ಲಿಯೇ ಸೇರಿಸಿಕೊಳ್ಳುತ್ತದೆ. 2016ರಿಂದ ಅನ್ವಯಿಸಿದ 7ನೆಯ ವೇತನ ಆಯೋಗದ ಶ್ರೇಣಿಯಲ್ಲಿ ಆರಂಭದ ಮೂಲವೇತನ 61,300 ರೂಪಾಯಿ. ಸೇನಾ ಸೇವಾ ವೇತನ 15,500. ಖಾಸಗಿ ವೃತ್ತಿ ನಡೆಸದಿರುವುದಕ್ಕಾಗಿ ಮೂಲವೇತನದ ಶೇಕಡಾ 20, ಅಂದರೆ 12,260. ತುಟ್ಟಿಭತ್ಯೆ ಬೇರೆ. ಸಾಲ ಮಾಡಿ ಚಿಕಿತ್ಸಾಲಯ ತೆರೆದವರಿಗೆ ಈ ಮೊತ್ತದ ಬೆಲೆ ತಿಳಿದೀತು. ಆದರೆ ಆ ಭತ್ಯೆ ಪಡೆದವರು ಸಂಜೆಯ ಹೊತ್ತು ಹೊರಗೆ ಒಂದು ಹಲ್ಲು ಕಿತ್ತು ಹಣ ಪಡೆಯುವಂತಿಲ್ಲ!

ಅನೇಕ ಮನೆಗಳಲ್ಲಿ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ಅಲ್ಪಾವಧಿ ಸೇವೆ ಮೊದಲಿಗೆ 5 ವರ್ಷ; ವಿಸ್ತರಣೆಗಳೆಲ್ಲ ದೊರೆತರೂ ಒಟ್ಟು 14. ಅಧಿಕಾರಿಯ ನಿವೃತ್ತಿ ವೇತನಕ್ಕಾದರೋ ಸಾಮಾನ್ಯವಾಗಿ 20 ವರ್ಷಗಳ ಸೇವೆ ಬೇಕು. ಕಾಯಂ ನೇಮಕಾತಿ ದೊರೆಯದವರು ಉಪದಾನವನ್ನಷ್ಟೇ ಪಡೆದು ಹೊರಬರುತ್ತಾರೆ. 25ನೆಯ ವಯಸ್ಸಿನಲ್ಲಿ ಸೇರಿದವರು 39ಕ್ಕೆ ಊರಿಗೆ ಮರಳಿದಾಗ, ಅಲ್ಲಿ ಅವರನ್ನು ಅರಿತ ರೋಗಿ ಒಬ್ಬನೂ ಇರಲಾರ. ಅವರ ಸಹಪಾಠಿಗಳು ಅಷ್ಟರಲ್ಲಿ ಹೆಸರು ಗಳಿಸಿರುತ್ತಾರೆ. ಕಾಯಂ ನೇಮಕಾತಿಗೆ ಇಲಾಖಾ ಪರೀಕ್ಷೆಯೂ ವಯೋಮಿತಿಯೂ ಇವೆ. ಅರ್ಜಿಯ ಮೇಲೆ ಸಹಿ ಹಾಕುವ ಮೊದಲು ಆ ವಯೋಮಿತಿಯನ್ನು ಮಕ್ಕಳ ವಯಸ್ಸಿನೊಡನೆ ಹೋಲಿಸಿ ನೋಡಿರಿ.